ಹೊರೆ ಮತ್ತು ಸಮತೋಲ

ಎತ್ತಿನ ಗಾಡಿಗೆ ಹೊರೆ ಹೇರುವುದನ್ನು ಬಲ್ಲ ರೈತನು ಒಂದು ಮಾತನ್ನು ಎಂದಿಗೂ ಮರೆಯುವುದಿಲ್ಲ. ಮೂಟೆಗಳು ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಎರಡು ಸಂದರ್ಭಗಳಲ್ಲಿಯೂ ಮೂಟೆಗಳ ಒಟ್ಟು ತೂಕ ಒಂದೇ. ಬೇರೆಯಾದುದು ಅವುಗಳನ್ನು ಇಟ್ಟ ಜಾಗ ಮಾತ್ರ. ನೂರಾರು ಜನರನ್ನು ಹೊತ್ತು ಹಾರುವ ವಿಮಾನವೂ ಇದೇ ನಿಯಮಕ್ಕೆ ಅಧೀನವಾಗಿದೆ. ಆದರೆ ಗಾಡಿಯನ್ನು ನಿಲ್ಲಿಸಿ ಮೂಟೆಯನ್ನು ಸರಿಸಬಹುದು. ನೆಲವನ್ನು ಬಿಟ್ಟ ವಿಮಾನಕ್ಕೆ ಆ ಅವಕಾಶವಿಲ್ಲ.

ಯಾವುದೇ ವಸ್ತುವಿನ ಭಾರವೆಲ್ಲವೂ ಒಂದೇ ಬಿಂದುವಿನಲ್ಲಿ ನೆಲೆಸಿದೆಯೆಂದು ನಾವು ಭಾವಿಸಬಹುದು. ಆ ಬಿಂದುವಿಗೆ ಗುರುತ್ವ ಕೇಂದ್ರವೆಂದು ಹೆಸರು. ವಿಮಾನದ ದೊಡ್ಡ ರೆಕ್ಕೆಗಳು ಅದನ್ನು ಮೇಲಕ್ಕೆತ್ತುತ್ತವೆ. ಬಾಲದ ಚಿಕ್ಕ ಅಡ್ಡರೆಕ್ಕೆ ಸಮತೋಲವನ್ನು ಕಾಯುತ್ತದೆ. ಈ ಅಡ್ಡರೆಕ್ಕೆಯ ಅಂಚಿನಲ್ಲಿ ಮೇಲಕ್ಕೂ ಕೆಳಕ್ಕೂ ಬಾಗುವ ಎಲಿವೇಟರ್ ಎಂಬ ಭಾಗವಿದೆ. ಚಾಲಕರು ವಿಮಾನದ ಮೂತಿಯನ್ನು ಏರಿಸುವುದೂ ಇಳಿಸುವುದೂ ಇದರಿಂದಲೇ. ಗುರುತ್ವ ಕೇಂದ್ರವು ಮಿತಿಮೀರಿ ಮುಂದಿದ್ದರೆ ಮೂತಿ ಭಾರವಾಗಿ ನೆಲ ಬಿಡುವುದು ಕಷ್ಟವಾಗುತ್ತದೆ. ಮಿತಿಮೀರಿ ಹಿಂದಿದ್ದರೆ ಅಪಾಯ ಇನ್ನೂ ದೊಡ್ಡದು. ಆಗ ಮೂತಿ ತಾನಾಗಿಯೇ ಮೇಲೇಳತೊಡಗುತ್ತದೆ. ಅದನ್ನು ತಗ್ಗಿಸಲು ಎಲಿವೇಟರಿನ ಶಕ್ತಿ ಸಾಲದೆ ಹೋಗಬಹುದು. ಮೂತಿ ಅತಿಯಾಗಿ ಎದ್ದರೆ ರೆಕ್ಕೆಗಳ ಮೇಲಿನ ಗಾಳಿಯ ಹರಿವು ಕದಡಿ, ಎತ್ತುವ ಬಲ ಕುಸಿಯುತ್ತದೆ.

ಭಾರದ ಪರಿಣಾಮವು ದೂರದೊಡನೆ ಬೆಳೆಯುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಸಮತೋಲದ ಬಿಂದುವಿನಿಂದ 10 ಮೀಟರ್ ದೂರದಲ್ಲಿರುವ 100 ಕಿಲೋಗ್ರಾಂ ಹೊರೆಯು, 5 ಮೀಟರ್ ದೂರದಲ್ಲಿರುವ 200 ಕಿಲೋಗ್ರಾಂ ಹೊರೆಗೆ ಸಮಾನವಾದುದು. ಆದುದರಿಂದಲೇ ಪೆಟ್ಟಿಗೆಗಳನ್ನು ತೂಗಿದರಷ್ಟೆ ಸಾಲದು. ಮುಂದಿನ ಉಗ್ರಾಣಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂಬುದನ್ನು ಮೊದಲೇ ಗೊತ್ತುಪಡಿಸಬೇಕು. ಹೇರಿದ ಹೊರೆ ಜರುಗದಂತೆ ಬಲೆ ಕಟ್ಟಬೇಕು. ಇಂಧನ, ಸಾಮಾನು, ಪ್ರಯಾಣಿಕರು, ಇವೆಲ್ಲವುಗಳ ಭಾರವನ್ನೂ ಸ್ಥಾನವನ್ನೂ ಕೂಡಿಸಿ ‘ಲೋಡ್ ಶೀಟ್’ ಎಂಬ ಪತ್ರವನ್ನು ಸಿದ್ಧಪಡಿಸುತ್ತಾರೆ. ಅದನ್ನು ನಂಬಿಯೇ ಚಾಲಕರು ವಿಮಾನವನ್ನು ಮೇಲೇರಿಸುವ ವೇಗವನ್ನು ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ತೂಗುವುದಿಲ್ಲ. ತಲೆಗೆ ಇಷ್ಟೆಂದು ಸರಾಸರಿ ತೂಕವನ್ನು ಹಿಡಿಯುತ್ತಾರೆ.

ಈ ಲೆಕ್ಕ ತಪ್ಪಿದರೆ ಏನಾದೀತೆಂಬುದಕ್ಕೆ 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ನಗರದಲ್ಲಿ ನಡೆದ ದುರಂತವೇ ಸಾಕ್ಷಿ. ಏರ್ ಮಿಡ್‌ವೆಸ್ಟ್ ಸಂಸ್ಥೆಯ ಬೀಚ್‌ಕ್ರಾಫ್ಟ್ 1900ಡಿ ಎಂಬ ಚಿಕ್ಕ ವಿಮಾನ ಅಂದು 19 ಪ್ರಯಾಣಿಕರನ್ನೂ ಇಬ್ಬರು ಚಾಲಕರನ್ನೂ ಹೊತ್ತು ಹೊರಟಿತು. ನೆಲ ಬಿಟ್ಟೊಡನೆಯೇ ಅದರ ಮೂತಿ ಮೇಲೆ ಮೇಲೆ ಏಳುತ್ತ ಹೋಯಿತು. ಚಾಲಕರು ತಗ್ಗಿಸಲು ಹೆಣಗಿದರೂ ಫಲವಾಗಲಿಲ್ಲ. ವಿಮಾನ ಕೆಳಗುರುಳಿ 21 ಮಂದಿಯೂ ಮಡಿದರು.

ತನಿಖೆಯಿಂದ ಎರಡು ದೋಷಗಳು ಹೊರಬಿದ್ದವು. ಅದಕ್ಕೆ ಎರಡು ದಿನಗಳ ಹಿಂದೆ ನಡೆದ ದುರಸ್ತಿಯಲ್ಲಿ ಎಲಿವೇಟರಿನ ತಂತಿಯನ್ನು ತಪ್ಪಾಗಿ ಹೊಂದಿಸಲಾಗಿತ್ತು. ಅದರಿಂದ ಎಲಿವೇಟರ್ ಬೇಕಾದಷ್ಟು ಕೆಳಕ್ಕೆ ಬಾಗದಂತಾಗಿತ್ತು. ಆ ದೋಷವನ್ನು ಹೊತ್ತೇ ವಿಮಾನ ಕೆಲವು ಬಾರಿ ಕ್ಷೇಮವಾಗಿ ಹಾರಿಯೂ ಇತ್ತು. ಆದರೆ ಅಂದು ಅದರ ಗುರುತ್ವ ಕೇಂದ್ರವೂ ಮಿತಿಯನ್ನು ದಾಟಿ ಹಿಂದಕ್ಕೆ ಸರಿದಿತ್ತು. ವಿಚಿತ್ರವೆಂದರೆ ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು! ಲೆಕ್ಕ ಮಾಡಿದವರು ಕೂಡುವುದರಲ್ಲಿ ತಪ್ಪಲಿಲ್ಲ. ಅವರಿಗೆ ಕೊಟ್ಟ ಸರಾಸರಿ ತೂಕವೇ ಹಳೆಯದಾಗಿತ್ತು. ಜನರ ಮೈತೂಕ ಹೆಚ್ಚಿತ್ತು, ಅಂಕಿ ಮಾತ್ರ ಇದ್ದಲ್ಲಿಯೇ ಇತ್ತು. ಅನಂತರ ಅಮೆರಿಕದ ವಿಮಾನಯಾನ ಆಡಳಿತವು ಆ ಅಂಕಿಗಳನ್ನು ಏರಿಸಿತು.

ಗಣಕಯಂತ್ರ ಬಂದಮಾತ್ರಕ್ಕೆ ಎಚ್ಚರಿಕೆಯ ಹೊಣೆ ತೀರುವುದಿಲ್ಲ. 2020ರ ಜುಲೈನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ವಿಮಾನವೊಂದರಲ್ಲಿ, ‘ಮಿಸ್’ ಎಂದು ಹೆಸರು ಬರೆಸಿದ್ದ 38 ಮಂದಿ ವಯಸ್ಕ ಮಹಿಳೆಯರನ್ನು ಗಣಕಯಂತ್ರವು ಮಕ್ಕಳೆಂದು ಎಣಿಸಿತು. ತಲೆಗೆ 69 ಕಿಲೋಗ್ರಾಂ ಬದಲು 35 ಕಿಲೋಗ್ರಾಂ ಹಿಡಿಯಿತು. ಲೆಕ್ಕಕ್ಕೆ ಸಿಗದ ಭಾರ 1,200 ಕಿಲೋಗ್ರಾಂಗೂ ಮಿಗಿಲಾಗಿತ್ತು. ಅದೃಷ್ಟವಶಾತ್ ಆ ವಿಮಾನ ಕ್ಷೇಮವಾಗಿ ತನ್ನ ಗುರಿಯನ್ನು ಸೇರಿತು.

ವಿಮಾನ ಹೊರಡುವ ಮುನ್ನ ಅದರ ಹೊಟ್ಟೆಯ ಇಕ್ಕಟ್ಟಿನಲ್ಲಿ ಬಗ್ಗಿ ಪೆಟ್ಟಿಗೆಗಳನ್ನು ಜೋಡಿಸುವ ಕೆಲಸಗಾರನ ಮುಖವನ್ನು ಪ್ರಯಾಣಿಕರು ಕಾಣುವುದಿಲ್ಲ. ಹಿಂದಿನ ಉಗ್ರಾಣಕ್ಕೆ ಹತ್ತು ಪೆಟ್ಟಿಗೆ ಹೆಚ್ಚಾಗಿ ಹೋದರೆ, ಆತ ಅದನ್ನು ಮುಚ್ಚಿಡದೆ ತಿಳಿಸಬೇಕು. ಆ ಒಂದು ಮಾತಿನಿಂದ ವಿಮಾನ ಕೆಲವು ನಿಮಿಷ ತಡವಾಗಿ ಹೊರಡಬಹುದು. ಆದರೆ ಮೇಲೆ ಕುಳಿತವರ ಪ್ರಾಣ ನಿಂತಿರುವುದು ಆತನು ಕೊಡುವ ನಿಜವಾದ ಲೆಕ್ಕದ ಮೇಲೆಯೇ.