ಮೈ ತಡವಿದರೆ ಜೈಲು: ಟೆಕ್ಸಸ್ ಮಸೂದೆ ಏನಾಯಿತು?

ವಿಮಾನ ನಿಲ್ದಾಣದಲ್ಲಿ ಮೈ ತಡವಿ ತಪಾಸಣೆ ಮಾಡುವ ಕೇಂದ್ರದ ಸಿಬ್ಬಂದಿಯನ್ನು ಒಂದು ರಾಜ್ಯ ಜೈಲಿಗೆ ಕಳಿಸಬಹುದಾ? 2011ರಲ್ಲಿ ಅಮೆರಿಕದ ಟೆಕ್ಸಸ್ ಅದಕ್ಕೇ ಹೊರಟಿತ್ತು.

ತಪಾಸಣೆ ಟಿಎಸ್‌ಎ ಕೆಲಸ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹುಟ್ಟಿದ ಕೇಂದ್ರ ಸಂಸ್ಥೆ ಅದು. 2010ರ ಕೊನೆಗೆ ನಿಯಮ ಬಿಗಿಯಾಯಿತು. ಸ್ಕ್ಯಾನರ್ ಒಲ್ಲೆ ಅಂದರೆ ತೊಡೆಯ ಒಳಭಾಗದವರೆಗೂ ಕೈ ಹೋಗುತ್ತಿತ್ತು. ಆರು ವರ್ಷದ ಹುಡುಗಿಯೊಬ್ಬಳನ್ನು ಹೀಗೆ ತಪಾಸಿಸಿದ ವಿಡಿಯೊ ನೋಡಿ ಜನ ಕೆರಳಿದರು. ಆ ಸಿಟ್ಟು ನ್ಯಾಯವಾದದ್ದೇ.

ಟೆಕ್ಸಸ್ ಶಾಸಕ ಡೇವಿಡ್ ಸಿಂಪ್ಸನ್ ಮಸೂದೆ ತಂದರು. ತಕ್ಕ ಕಾರಣವಿಲ್ಲದೆ ಗುಪ್ತಾಂಗ ಮುಟ್ಟಿದರೆ, ಬಟ್ಟೆಯ ಮೇಲಿಂದಲೇ ಆದರೂ, ಅದು ಅಪರಾಧ. ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಕೆಳಮನೆಯಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ.

ಅಷ್ಟರಲ್ಲಿ ಕೇಂದ್ರದ ವಕೀಲ ಜಾನ್ ಮರ್ಫಿ ಪತ್ರ ಬರೆದರು: ಇದು ಕಾನೂನಾದರೆ, ಸುರಕ್ಷತೆ ಖಾತ್ರಿಯಾಗದ ವಿಮಾನಗಳನ್ನು ರದ್ದು ಮಾಡಬೇಕಾದೀತು. ಮೇಲ್ಮನೆ ಹಿಂದೆ ಸರಿಯಿತು. ವಿಶೇಷ ಅಧಿವೇಶನದಲ್ಲಿ ಮತ್ತೆ ಎತ್ತಿಕೊಂಡರೂ ಮಸೂದೆ ದಡ ಸೇರಲಿಲ್ಲ.

ಇಂಥ ಕಾನೂನಿಗೆ ಅಡ್ಡಿ, ಅಮೆರಿಕದ ಸಂವಿಧಾನದ 6ನೇ ವಿಧಿ. ಕೇಂದ್ರ ಮತ್ತು ರಾಜ್ಯದ ಕಾನೂನು ಡಿಕ್ಕಿಯಾದರೆ ಕೇಂದ್ರದ್ದೇ ಮೇಲು. ಕೇಂದ್ರದ ಕಾನೂನಿನಂತೆ ಕರ್ತವ್ಯ ಮಾಡಿದವರನ್ನು ರಾಜ್ಯ ಶಿಕ್ಷಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1890ರಲ್ಲೇ ನೀಗಲ್ ಪ್ರಕರಣದಲ್ಲಿ ಹೇಳಿತ್ತು.

ಹಾಗಂತ ಟಿಎಸ್‌ಎಗೆ ಲಗಾಮೇ ಇಲ್ಲ ಅಂತಲ್ಲ. ಅಕಾರಣ ಶೋಧನೆಯಿಂದ ಜನರನ್ನು ಕಾಯುವ 4ನೇ ತಿದ್ದುಪಡಿ ಅದಕ್ಕೂ ಅನ್ವಯಿಸುತ್ತದೆ. 2019ರಲ್ಲಿ ಫಿಲಡೆಲ್ಫಿಯಾದ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಬಾಗಿಲು ತೆರೆಯಿತು: ತಪಾಸಣೆಯ ಸಿಬ್ಬಂದಿ ಬೇಕಂತಲೇ ಅನ್ಯಾಯ ಮಾಡಿದರೆ, ಪ್ರಯಾಣಿಕರು ಕೇಂದ್ರ ಸರ್ಕಾರದ ಮೇಲೆಯೇ ಪರಿಹಾರದ ದಾವೆ ಹೂಡಬಹುದು.