ಸಿಪಾಯಿಯ ಕೋವಿ, ಬೇಟೆಗಾರನ ಕೋವಿ

ಕೊಡಗಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ .೩೧೫ ರೈಫಲೊಂದಿದೆ. ೧೯೭೨ರ ವನ್ಯಜೀವಿ ಕಾಯಿದೆಯ ಮೇಲೆ ಅದಕ್ಕೆ ಬೇಟೆಯಿಲ್ಲ. ಕೈಲ್‌ಪೊಳ್ದಿನ ದಿನ ಗೋಡೆಯಿಂದಿಳಿದು ಪೂಜೆ ಪಡೆಯುತ್ತದೆ. ಅದರ ಬೋಲ್ಟಿನ ರಚನೆ ಸೈನ್ಯದ ಲೀ-ಎನ್‌ಫೀಲ್ಡಿನದೇ. ಸೈನ್ಯದ .೩೦೩ ತೋಟಾ ಜನರ ಕೈಸೇರಬಾರದೆಂದು ಆಂಗ್ಲರು ವಿಧಿಸಿದ ನಿರ್ಬಂಧದಿಂದ ಈ ಬೇರೆ ಅಳತೆ ಬಂದಿತು. ನಮ್ಮಲ್ಲಿ ಕಾರ್ಖಾನೆ ಮಾಡಿದ ಈ ವೇಷಾಂತರವನ್ನು ಅಮೆರಿಕದಲ್ಲಿ ಹವ್ಯಾಸಿಗಳು ತಮ್ಮ ಮನೆಗಳಲ್ಲಿಯೇ ಮಾಡಿಕೊಂಡರು.

ಎರಡನೆಯ ಮಹಾಯುದ್ಧ ೧೯೪೫ರಲ್ಲಿ ಮುಗಿದ ತರುವಾಯ ಸ್ಪ್ರಿಂಗ್‌ಫೀಲ್ಡ್, ಮೌಸರ್, ಲೀ-ಎನ್‌ಫೀಲ್ಡ್ ರೈಫಲುಗಳು ಅಲ್ಲಿ ಅಗ್ಗವಾಗಿ ಮಾರಾಟಕ್ಕೆ ಬಂದವು. ಮೊದಲ ಕೆಲಸ, ಉಗ್ರಾಣದಲ್ಲಿ ತುಕ್ಕು ಹಿಡಿಯದಂತೆ ಬಳಿದ ಕಾಸ್ಮೊಲಿನ್ ಎಂಬ ಜಿಡ್ಡನ್ನು ತೊಳೆಯುವುದು. ಬಳಿಕ ಮರದ ಸರದಿ. ಒಂದೇ ಸಮನೆ ಗುಂಡು ಹಾರಿಸುವ ಸಿಪಾಯಿಯ ಕೈ ಸುಡದಿರಲೆಂದು ಸೈನ್ಯದ ರೈಫಲಿಗೆ ನಳಿಗೆಯ ತುದಿಯವರೆಗೂ ಮರದ ಹೊದಿಕೆ ಇರುತ್ತದೆ. ಒಂದೆರಡು ಗುಂಡಿನ ಬೇಟೆಗಾರನಿಗೆ ಆ ಭಾರವೇಕೆ? ಗರಗಸ ಹಾಕುತ್ತಾರೆ. ದುರ್ಬೀನು ಕೂರಿಸಿದರೆ ಬೋಲ್ಟಿನ ನೇರ ಹಿಡಿ ಮೇಲೆತ್ತುವಾಗ ಅದಕ್ಕೆ ತಗಲುತ್ತದೆ. ಆದ್ದರಿಂದ ಹಿಡಿಯನ್ನು ಕೆಳಕ್ಕೆ ಬಾಗಿಸುತ್ತಾರೆ.

ಇಷ್ಟೆಲ್ಲ ಅಂದ ಮಾಡುವ ಮೊದಲು ಉಕ್ಕಿನ ಒಳಗುಣ ತಿಳಿಯಬೇಕು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ತಯಾರಾದ ೧೯೦೩ರ ಮಾದರಿಯಲ್ಲಿ ೮,೦೦,೦೦೦ಕ್ಕಿಂತ ಕೆಳಗಿನ ಸಂಖ್ಯೆಯವನ್ನು ಬಲ್ಲವರು ಹಾರಿಸುವುದಿಲ್ಲ. ಆಗ ಕಮ್ಮಾರರು ಕಾದ ಉಕ್ಕಿನ ಬಣ್ಣವನ್ನು ಬರಿಗಣ್ಣಿನಿಂದ ನೋಡಿ ಶಾಖವನ್ನು ಅಂದಾಜು ಮಾಡುತ್ತಿದ್ದರು. ಬಿಸಿಲಿನ ದಿನ ಕಂಡ ಕೆಂಪು ಮೋಡದ ದಿನ ಕಾಣುವ ಕೆಂಪಲ್ಲ! ಮಿತಿಮೀರಿ ಕಾದ ಉಕ್ಕು ಪೆಡಸಾಗಿ, ಕೆಲವು ರೈಫಲುಗಳು ಹಾರಿಸಿದವರ ಮುಖದೆದುರೇ ಒಡೆದವು. ೧೯೧೮ರಲ್ಲಿ ಕ್ರಮವನ್ನು ಬದಲಾಯಿಸಿದರು. ಯಾವ ಹಳೆಯ ರೈಫಲನ್ನೇ ಆಗಲಿ ಬಲ್ಲ ಕೋವಿಗಾರನಿಗೆ ತೋರಿಸದೆ ಹಾರಿಸುವುದು ಹುಚ್ಚುತನ.

ಕೊಯ್ದ ಮರ ಮತ್ತೆ ಕೂಡದು. ಅಂದು ಕಾಸಿಗೆ ಕೊಂಡು ಕತ್ತರಿಸಿದವುಗಳಿಗಿಂತ ಕತ್ತರಿಸದೆ ಉಳಿದವಕ್ಕೇ ಈಗ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಅವರನ್ನು ನಗುವ ಅಧಿಕಾರ ನನಗಿಲ್ಲ. ಮರದಲ್ಲಿ ಗುಳಿ ಬಿದ್ದಿದ್ದರೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಬೇಕು. ಹಬೆಗೆ ಮರ ಉಬ್ಬಿ ಗುಳಿ ಮೇಲೇಳುತ್ತದೆ. ಅಗಸೆಯೆಣ್ಣೆ ತಿಕ್ಕಿದರೆ ಹೊಳಪೂ ಬರುತ್ತದೆ. ಇದನ್ನು ಓದಿ ತಿಳಿಯುವ ಮೊದಲೇ, ಕಳೆದ ರಜೆಯಲ್ಲಿ, ನಾನು ನಮ್ಮ ಕೋವಿಯ ಹಿಡಿಗೆ ಉಪ್ಪುಕಾಗದ ಹಿಡಿದು ಚೆನ್ನಾಗಿ ಉಜ್ಜಿದೆ. ಅಜ್ಜ ಚಾಕುವಿನಿಂದ ಕೊರೆದಿದ್ದ ಎರಡಕ್ಷರ ಅಲ್ಲಿತ್ತು. ಪೂಜೆಯ ದಿನ ಅಜ್ಜಿ ಅದಕ್ಕಾಗಿ ಬೆರಳಿನಿಂದ ತಡಕಿದರು. ಕನ್ನಡಕ ತರಲು ನನ್ನನ್ನೇ ಕಳುಹಿಸಿದರು.