ಚಳಿಗೊಂದು ಉಲ್ಲನ್ ಮಫ್ಲರ್: ಮೊದಲ ಬಾರಿ ಹೆಣೆಯುವವರಿಗೆ



ನವೆಂಬರ್ ಮುಗಿಯುತ್ತಾ ಬಂದಂತೆ ನೀಲಗಿರಿಯ ಮನೆಗಳಲ್ಲಿ ಪೆಟ್ಟಿಗೆಯ ತಳದಿಂದ ಸ್ವೆಟರುಗಳು ಹೊರಬರುತ್ತವೆ. ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಎಷ್ಟೋ ಬೆಳಗುಗಳಲ್ಲಿ ಅಲ್ಲಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಉಪ್ಪು ಚೆಲ್ಲಿದಂತೆ ಕಾಣುತ್ತದೆ. ವಯನಾಡು, ತಾಳವಾಡಿ, ಹೊಸೂರಿನ ಕಡೆ ಅಷ್ಟು ಕಠಿಣ ಚಳಿ ಇಲ್ಲದಿದ್ದರೂ ಮುಂಜಾನೆಯ ಬಲಿಪೂಜೆಗೆ ಹೊರಡುವ ಹಿರಿಯರು ಕಿವಿ ಮುಚ್ಚಿ ಮಫ್ಲರ್ ಸುತ್ತಿಕೊಳ್ಳದೆ ಹೊಸಿಲು ದಾಟುವುದಿಲ್ಲ. ಬಿಸಿಲ ನಾಡೆನಿಸಿದ ಸೊಲ್ಲಾಪುರ, ಆದೋನಿಗಳಲ್ಲೂ ಆ ದಿನಗಳ ರಾತ್ರಿ ಮೈ ನಡುಗಿಸುತ್ತದೆ.

ಈ ಸಲದ ಆಗಮನ ಕಾಲದಲ್ಲಿ ನಮ್ಮ ಕುಟುಂಬಗಳು ಕೈಗೆತ್ತಿಕೊಳ್ಳಬಹುದಾದ ಒಂದು ಸಣ್ಣ ಕೆಲಸವನ್ನು ಇಲ್ಲಿ ವಿವರಿಸುತ್ತೇವೆ. ದಪ್ಪ ಉಲ್ಲನ್ ನೂಲಿನಿಂದ ಒಂದು ಮಫ್ಲರ್ ಹೆಣೆದು, ಚಳಿಗೆ ಮುದುಡಿ ಕೂತಿರುವ ಒಬ್ಬ ಹಿರಿಯರಿಗೆ ನಮ್ಮ ಕೈಯಾರೆ ಕೊಟ್ಟು ಬರುವುದೇ ಆ ಕೆಲಸ. ಇದುವರೆಗೆ ಕಡ್ಡಿ ಹಿಡಿಯದವರೂ ಇದನ್ನು ಮಾಡಬಹುದು. ಗಂಡಸರು ಮತ್ತು ಮಕ್ಕಳಿಗೂ ಇದು ಆಗದ ಕೆಲಸವಲ್ಲ.

ಅಂಗಡಿಯಲ್ಲಿ ಸಿಗುವಾಗ ಹೆಣೆಯುವುದೇಕೆ?

ಈ ಪ್ರಶ್ನೆ ನ್ಯಾಯವಾದದ್ದೇ. ಲುಧಿಯಾನದ ಯಂತ್ರಗಳಲ್ಲಿ ತಯಾರಾದ ಮಫ್ಲರುಗಳು ಊಟಿಯ ಟಿಬೆಟನ್ ಮಾರುಕಟ್ಟೆಯಿಂದ ಹಿಡಿದು ಸಂತೆಯವರೆಗೆ ಎಲ್ಲೆಲ್ಲೂ ಸಿಗುತ್ತವೆ. ಎಷ್ಟೋ ಸಲ ನೂಲಿಗೆ ಕೊಡುವ ಹಣಕ್ಕಿಂತ ಕಡಿಮೆ ಬೆಲೆಗೇ ಸಿಗುತ್ತವೆ. ಹಣದ ಲೆಕ್ಕ ಹಾಕಿದರೆ ಹೆಣೆಯುವುದು ಲಾಭದ ಮಾತಲ್ಲ.

ಆದರೆ ನಮ್ಮ ಗಡಿನಾಡಿನ ಊರುಗಳ ಇಂದಿನ ಸ್ಥಿತಿಯನ್ನು ನೋಡಿ. ಮಕ್ಕಳು ಬೆಂಗಳೂರು, ಕೊಯಮತ್ತೂರು, ತಿರುಪ್ಪೂರು, ಕೊಲ್ಲಿ ದೇಶಗಳೆಂದು ದುಡಿಮೆಗೆ ಹೋಗಿದ್ದಾರೆ. ಮನೆಯಲ್ಲಿ ಉಳಿದಿರುವವರು ಒಬ್ಬ ಅಜ್ಜಿಯೋ, ಒಬ್ಬ ತಾತನೋ. ಮಗ ಹಣ ಕಳುಹಿಸುತ್ತಾನೆ, ಮಗಳು ಫೋನ್ ಮಾಡುತ್ತಾಳೆ, ಆದರೆ ಎದುರಿಗೆ ಕೂತು ಅರ್ಧ ಗಂಟೆ ಮಾತನಾಡುವವರಿಲ್ಲ. 'ಅಜ್ಜೀ, ಇದನ್ನು ನಿಮಗೆಂದೇ ಹೆಣೆದೆ' ಎಂದು ಕೈಗಿತ್ತಾಗ ಅವರು ನೂಲಿನ ಬೆಲೆ ಕೇಳುವುದಿಲ್ಲ. ಇಷ್ಟು ದಿನ ಯಾರೋ ತಮ್ಮನ್ನು ನೆನೆದು ಕೂತಿದ್ದರೆಂಬುದು ಅವರಿಗೆ ಮುಟ್ಟುತ್ತದೆ.

ಇನ್ನೊಂದು ಕಾರಣವೂ ಉಂಟು. ವಯಸ್ಸಾದಂತೆ ದೇಹಕ್ಕೆ ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಚಳಿ ತಡೆಯಲಾರದೆ ಕೆಲವರು ಕಿಟಕಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುತ್ತಾರೆ. ಇದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಮಫ್ಲರ್ ಕೊಡಲು ಹೋದಾಗ ಈ ಮಾತನ್ನೂ ಹೇಳಿ ಬನ್ನಿ. ರಾತ್ರಿಗೆ ಬೆಚ್ಚನೆಯ ಬಟ್ಟೆ, ಟೋಪಿ, ಕಾಲುಚೀಲ, ಕಂಬಳಿಗಳೇ ಕ್ಷೇಮ.

ಬೇಕಾದ ಸಾಮಾನು

- ದಪ್ಪ ಉಲ್ಲನ್ ನೂಲು: ಸುಮಾರು 250 ಗ್ರಾಂ
- 8 ಮಿಲಿಮೀಟರ್ ದಪ್ಪದ ಹೆಣೆಯುವ ಕಡ್ಡಿ: ಒಂದು ಜೊತೆ
- ದೊಡ್ಡ ಕಣ್ಣಿನ, ಮೊಂಡು ತುದಿಯ ಸೂಜಿ: ಒಂದು
- ಕತ್ತರಿ ಮತ್ತು ಅಳತೆ ಟೇಪು

ಅಂಗಡಿಯಲ್ಲಿ ಹಳೆಯ ನಂಬರಿನ ಲೆಕ್ಕದಲ್ಲಿ ಕಡ್ಡಿ ಮಾರುತ್ತಿದ್ದರೆ 0 ನಂಬರ್ ಕೇಳಿ. ಆ ಲೆಕ್ಕದಲ್ಲಿ ನಂಬರ್ ಹೆಚ್ಚಿದಂತೆ ಕಡ್ಡಿ ಸಪೂರವಾಗುತ್ತದೆ. ಅಮ್ಮನ ಪೆಟ್ಟಿಗೆಯಲ್ಲಿರುವ 10 ನಂಬರಿನ ಕಡ್ಡಿ 3.25 ಮಿಲಿಮೀಟರ್ ಮಾತ್ರ. ಅದು ಸ್ವೆಟರಿಗೆ ಸರಿ, ದಪ್ಪ ಮಫ್ಲರಿಗಲ್ಲ. ದಪ್ಪ ನೂಲು ಸಿಗದಿದ್ದರೆ ಸ್ವೆಟರ್ ಹೆಣೆಯುವ ಸಾಮಾನ್ಯ ನೂಲಿನ ಮೂರು ಉಂಡೆಗಳನ್ನು ತೆಗೆದುಕೊಂಡು ಮೂರೆಳೆಯನ್ನೂ ಒಟ್ಟಿಗೆ ಹಿಡಿದು ಹೆಣೆಯಿರಿ.

ಕಲಿಯುವವರಿಗೆ ತಿಳಿ ಬಣ್ಣದ, ನಯವಾದ ನೂಲೇ ಒಳ್ಳೆಯದು. ಕಪ್ಪು, ಕಡುನೀಲಿ ನೂಲಿನಲ್ಲಿ ಕುಣಿಕೆಗಳು ಕಣ್ಣಿಗೆ ಸಿಗುವುದಿಲ್ಲ. ಅಕ್ರಿಲಿಕ್ ನೂಲು ಅಗ್ಗ, ಒಗೆಯಲು ಸುಲಭ, ಚುಚ್ಚುವುದಿಲ್ಲ. ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸೌದೆ ಒಲೆಯ ಮುಂದೆ ಕೂರುವ ಅಜ್ಜಿಗೆ ಕುರಿ ಉಣ್ಣೆಯ ನೂಲೇ ಲೇಸು. ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

ಹೆಣೆಯುವ ಬಗೆ

*ಕುಣಿಕೆ ಏರಿಸುವುದು:* ನೂಲಿನ ತುದಿಯಲ್ಲಿ ಒಂದು ಗೇಣು ಬಿಟ್ಟು, ಎಳೆದರೆ ಬಿಗಿಯಾಗುವಂಥ ಒಂದು ಕುಣಿಕೆ ಹಾಕಿ ಎಡಗೈ ಕಡ್ಡಿಗೆ ಏರಿಸಿ. ಬಲಗೈ ಕಡ್ಡಿಯ ತುದಿಯನ್ನು ಆ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ. ಉಂಡೆಯ ಕಡೆಯ ನೂಲನ್ನು ಬಲ ಕಡ್ಡಿಯ ತುದಿಗೆ ಹಿಂದಿನಿಂದ ಮುಂದಕ್ಕೆ ಒಂದು ಸುತ್ತು ಹಾಕಿ. ಸುತ್ತಿದ ನೂಲನ್ನು ಕುಣಿಕೆಯ ಮೂಲಕ ಮುಂದಕ್ಕೆ ಎಳೆದುಕೊಳ್ಳಿ. ಹೀಗೆ ಬಂದ ಹೊಸ ಕುಣಿಕೆಯನ್ನು ಎಡ ಕಡ್ಡಿಗೇ ಏರಿಸಿ. ಒಟ್ಟು 18 ಕುಣಿಕೆ ಆಗುವವರೆಗೆ ಹೀಗೇ ಮಾಡಿ. ಬಿಗಿ ಬೇಡ; ಕುಣಿಕೆಗಳು ಕಡ್ಡಿಯ ಮೇಲೆ ಸರಾಗವಾಗಿ ಜಾರುವಂತಿರಲಿ.

*ಸಾಲು ಹೆಣೆಯುವುದು:* ಕೈಚಳಕ ಅದೇ, ಕೊನೆಯ ಹೆಜ್ಜೆ ಮಾತ್ರ ಬೇರೆ. ಎಳೆದ ಹೊಸ ಕುಣಿಕೆಯನ್ನು ಬಲ ಕಡ್ಡಿಯಲ್ಲೇ ಉಳಿಸಿಕೊಂಡು, ಹಳೆಯ ಕುಣಿಕೆಯನ್ನು ಎಡ ಕಡ್ಡಿಯಿಂದ ಜಾರಿಸಿ ಬಿಡಬೇಕು. ಮಕ್ಕಳಿಗೆ ಕಲಿಸುವಾಗ 'ತೂರಿಸು, ಸುತ್ತು, ಎಳೆ, ಬಿಡು' ಎಂದು ತಾಳ ಹಾಕಿ ಹೇಳಿಕೊಡಿ, ಬೇಗ ಕೈಗೆ ಹತ್ತುತ್ತದೆ. 18 ಕುಣಿಕೆಗಳೂ ಬಲ ಕಡ್ಡಿಗೆ ಬಂದರೆ ಒಂದು ಸಾಲು ಮುಗಿಯಿತು. ಕಡ್ಡಿಗಳ ಕೈ ಬದಲಿಸಿ ಮುಂದಿನ ಸಾಲು ಶುರು ಮಾಡಿ. ಎಲ್ಲ ಸಾಲುಗಳೂ ಒಂದೇ ರೀತಿ. ಎರಡು ಸಾಲಿಗೆ ಒಂದು ಉಬ್ಬುಗೆರೆ ಕಾಣಿಸಿಕೊಳ್ಳುತ್ತದೆ. ಈ ಹೆಣಿಗೆಗೆ ಒಳಮೈ ಹೊರಮೈ ಎಂಬುದಿಲ್ಲ, ಅಂಚು ಸುರುಳಿಯೂ ಆಗುವುದಿಲ್ಲ. ಅದಕ್ಕೇ ಮಫ್ಲರಿಗೆ ಇದು ಹೇಳಿಸಿದಂತಿದೆ.

*ಎಣಿಕೆ:* ಪ್ರತಿ ಉಬ್ಬುಗೆರೆ ಮುಗಿದಾಗ ಕುಣಿಕೆ ಎಣಿಸಿ. 19 ಆಗಿದ್ದರೆ ಸಾಮಾನ್ಯವಾಗಿ ಸಾಲಿನ ಆರಂಭದಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿ, ಮೊದಲ ಕುಣಿಕೆಯೇ ಎರಡರಂತೆ ಕಂಡಿರುತ್ತದೆ. ನೂಲು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ಹೋಗಬೇಕು. 17 ಆಗಿದ್ದರೆ ಒಂದು ಕುಣಿಕೆ ಜಾರಿರುತ್ತದೆ. ಗಾಬರಿ ಬೇಡ. ತಪ್ಪಿದ ಜಾಗದವರೆಗೆ ಬಿಚ್ಚಿ, ಕುಣಿಕೆಗಳನ್ನು ಮತ್ತೆ ಕಡ್ಡಿಗೆ ಏರಿಸಿ. ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದರೆ ಹೋಯಿತು. ಹೆಣಿಗೆ ಬಿಚ್ಚಿದರೆ ನೂಲು ನೂಲಾಗಿಯೇ ಉಳಿಯುತ್ತದೆ. ಕಲಿಯುವವರಿಗೆ ಇಷ್ಟು ಕರುಣೆ ತೋರುವ ಕೈಕೆಲಸ ಕಡಿಮೆ.

*ಹೊಸ ಉಂಡೆ:* ಸಾಲಿನ ನಡುವೆ ಗಂಟು ಹಾಕಬೇಡಿ. ಅಂಚಿಗೆ ಬಂದಾಗ ಹಳೆಯದನ್ನೂ ಹೊಸದನ್ನೂ ಒಂದೊಂದು ಗೇಣು ಬಿಟ್ಟು, ಹೊಸ ನೂಲಿನಿಂದ ಮುಂದುವರಿಯಿರಿ.

*ಮುಗಿಸುವುದು:* ಉದ್ದ 150 ಸೆಂಟಿಮೀಟರ್ ಆದಾಗ, ಒಂದು ಮೀಟರಿನಷ್ಟಾದರೂ ನೂಲು ಉಳಿದಿರುವಂತೆ ನಿಲ್ಲಿಸಿ. ಎರಡು ಕುಣಿಕೆ ಹೆಣೆಯಿರಿ. ಬಲ ಕಡ್ಡಿಯಲ್ಲಿ ಮೊದಲು ಬಂದ ಕುಣಿಕೆಯನ್ನು ಎರಡನೆಯದರ ಮೇಲಿಂದ ಎತ್ತಿ ಕಡ್ಡಿಯಿಂದ ಬಿಡಿ. ಮತ್ತೊಂದು ಹೆಣೆಯಿರಿ, ಮತ್ತೆ ಎತ್ತಿ ಬಿಡಿ. ಕೊನೆಯ ಕುಣಿಕೆಯೊಳಗೆ ನೂಲಿನ ತುದಿ ತೂರಿಸಿ ಎಳೆಯಿರಿ. ಉಳಿದ ತುದಿಗಳನ್ನು ಮೊಂಡು ಸೂಜಿಯಿಂದ ಹೆಣಿಗೆಯೊಳಗೇ ಹೊಲಿದು ಅಡಗಿಸಿ.

ದಿನಕ್ಕೆ ಏಳು ಗೆರೆ

ಈ ಅಳತೆಯ ಮಫ್ಲರಿಗೆ ಸುಮಾರು 330 ಸಾಲು, ಅಂದರೆ 165 ಉಬ್ಬುಗೆರೆ ಬೇಕು. ದಿನಕ್ಕೆ 7 ಗೆರೆಯಂತೆ 24 ದಿನದಲ್ಲಿ ಮುಗಿಯುತ್ತದೆ. ಏಳು ಗೆರೆಗೆ 252 ಕುಣಿಕೆ. ನಿಮಿಷಕ್ಕೆ ಹತ್ತು ಕುಣಿಕೆ ಹೆಣೆಯುವ ಹೊಸಬರಿಗೂ ಅರ್ಧ ಗಂಟೆ ಧಾರಾಳ. ನವೆಂಬರ್ 28ರಂದು ಕಡ್ಡಿ ಹಿಡಿದರೆ ಡಿಸೆಂಬರ್ 21ಕ್ಕೆ ಕೆಲಸ ಮುಗಿದು, ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಹಾಸಿ ಒಣಗಿಸಲು ಮೂರು ದಿನ ಉಳಿಯುತ್ತದೆ. ರಾತ್ರಿ ಜಪಸರ ಮುಗಿದ ಮೇಲೆ ಟಿ.ವಿ. ಹಾಕುವ ಬದಲು ಎಲ್ಲರೂ ಒಂದೆಡೆ ಕೂತರೆ, ಒಬ್ಬರು ಹೆಣೆಯುವಾಗ ಇನ್ನೊಬ್ಬರು ಮರುದಿನದ ಶುಭಸಂದೇಶ ಓದಬಹುದು. ಒಂದೇ ಮಫ್ಲರನ್ನು ಮನೆಮಂದಿ ಸರದಿಯಂತೆ ಹೆಣೆದರೂ ಆಗುತ್ತದೆ. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ ಎಂಬುದು ಹೆಣಿಗೆಯಲ್ಲಿ ಕಾಣುತ್ತದೆ, ಅದು ಕುಂದೇನಲ್ಲ.

ಮಾತೆಯ ಕೈಯಲ್ಲೂ ಹೆಣಿಗೆ

ಜರ್ಮನಿಯ ಬುಕ್ಸ್‌ಟೆಹೂಡೆಯಲ್ಲಿ ಬೆನೆಡಿಕ್ಟೈನ್ ಕನ್ಯಾಮಠದ ಬಲಿಪೀಠಕ್ಕಾಗಿ 1400ರ ಸುಮಾರಿನಲ್ಲಿ ಬರೆದ ಚಿತ್ರವೊಂದಿದೆ. ಅದು ಈಗ ಹ್ಯಾಂಬರ್ಗಿನ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಮಾತೆ ಮರಿಯಮ್ಮನವರು ಕುಳಿತು ಕಡ್ಡಿಗಳಿಂದ ಒಂದು ಪುಟ್ಟ ಅಂಗಿ ಹೆಣೆಯುತ್ತಿದ್ದಾರೆ. ಬಳಿಯಲ್ಲಿ ಬಾಲಯೇಸು ಇದ್ದಾರೆ. ಇನ್ನೊಂದು ಕಡೆಯಿಂದ ದೇವದೂತರು ಶಿಲುಬೆ, ಈಟಿ, ಮುಳ್ಳಿನ ಕಿರೀಟ ಹಿಡಿದು ಬರುತ್ತಿದ್ದಾರೆ. ಸಂತ ಯೊವಾನ್ನರ ಶುಭಸಂದೇಶ ಹೇಳುವ, ಹೊಲಿಗೆಯಿಲ್ಲದ ಆ ಅಂಗಿಯೇ ಇದೆಂದು ನೋಡಿದವರು ಭಾವಿಸುತ್ತಾರೆ. ಶಿಲುಬೆಯ ಬುಡದಲ್ಲಿ ಸೈನಿಕರು ಹರಿಯದೆ, ಯಾರಿಗೆಂದು ಚೀಟಿ ಹಾಕಿದ ಅಂಗಿ ಅದು. ಮುಂದೆ ಏನು ಬರಲಿದ್ದರೂ ತಾಯಿಯ ಕೈ ಇಂದಿನ ಅಂಗಿಯನ್ನು ಹೆಣೆಯುತ್ತಲೇ ಇದೆ.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಳ ಕಥೆ ಬರುತ್ತದೆ. ಅವಳು ತೀರಿಕೊಂಡಾಗ ಪೇತ್ರರ ಮುಂದೆ ಬಡ ವಿಧವೆಯರು ಅವಳ ಗುಣಗಾನಕ್ಕೆ ಮಾತು ಹುಡುಕಲಿಲ್ಲ. ಅವಳು ತಮಗೆ ಮಾಡಿಕೊಟ್ಟ ಬಟ್ಟೆಗಳನ್ನು ತೋರಿಸಿ ಅತ್ತರು. ಕೈಯಿಂದ ಮಾಡಿ ಕೊಟ್ಟದ್ದು ಎಷ್ಟು ದೂರ ಮಾತನಾಡುತ್ತದೆ ನೋಡಿ.

ಕೊಡುವಾಗ ನೆನಪಿಡಿ

ಮಲಗುವ ಹಸುಗೂಸಿನ ಕೊರಳಿಗೆ ಮಫ್ಲರ್ ಸುತ್ತಬೇಡಿ, ಉಸಿರುಗಟ್ಟಬಹುದು. ಬೈಕು, ಸ್ಕೂಟರ್ ಏರುವವರು ತುದಿಗಳನ್ನು ಅಂಗಿಯೊಳಗೆ ಸೇರಿಸಿಕೊಳ್ಳಲಿ, ಚಕ್ರಕ್ಕೆ ಸಿಕ್ಕಿದರೆ ಜೀವಕ್ಕೆ ಸಂಚಕಾರ. ಉಣ್ಣೆಯದ್ದಾದರೆ ಬಿಸಿನೀರಿನಲ್ಲಿ ಉಜ್ಜಿ ಒಗೆಯಬಾರದು, ಕುಗ್ಗಿ ಗಟ್ಟಿಯಾಗುತ್ತದೆ.

ಮಫ್ಲರನ್ನು ಬೇರೆಯವರ ಕೈಯಲ್ಲಿ ಕಳುಹಿಸಬೇಡಿ. ನೀವೇ ಹೋಗಿ, ಕೊರಳಿಗೆ ಸುತ್ತಿ, ಕಾಫಿ ಕೊಟ್ಟರೆ ಕುಡಿದು ಬನ್ನಿ. ಹಾಸಿಗೆ ಹಿಡಿದವರಿದ್ದರೆ, ಪರಮಪ್ರಸಾದ ತರಬೇಕೇ ಎಂದು ಕೇಳಿ ಗುರುಗಳಿಗೆ ತಿಳಿಸಿ. ನಿಮ್ಮ ವಾರ್ಡಿನಲ್ಲಿ ಒಂಟಿಯಾಗಿರುವ ಹಿರಿಯರು ಯಾರೆಂದು ಇಂದೇ ಯೋಚಿಸಿ, ಒಬ್ಬರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಕುಣಿಕೆ ಏರಿಸಿ. ಪ್ರಭು ನಿಮ್ಮ ಕೈಗಳ ಕೆಲಸವನ್ನು ಆಶೀರ್ವದಿಸಲಿ.